ಮೂವತ್ತನಾಲ್ಕನೇ ಪುಟದ ಮನುಷ್ಯ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಅವರನ್ನು ನಾಲ್ಕು ತಾಲ್ಲೂಕಿಗೆ ತೋರಿಸಿದ್ದೇ ಸಾಕಾಗಿದೆ. ಪಾಂಡವಪುರದಿಂದ ಮೂರು ಮೈಲಿ ಆಚೆಯ ಹಳ್ಳಿಯವರು, ಬಾಡಿಗೆ ಕಾರು ಓಡಿಸುತ್ತಿದ್ದರು. ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟರಂತೆ. ಕಿರಂಗೂರಿನ ನಮ್ಮ ಮನೆಗೆ ಸುದ್ದಿ ಮುಟ್ಟಿದಾಗ ನಾನು ಒಂದು ಹೊಸ ಕಾರಿನ ಬಗ್ಗೆ ಬರೆಯುತ್ತಾ ಕೂತಿದ್ದೆ. ಸೊನ್ನೆಯಿಂದ ನೂರು ಕಿಲೋಮೀಟರು ವೇಗ ಮುಟ್ಟಲು ಅದಕ್ಕೆ ಎಷ್ಟು ಸೆಕೆಂಡು ಬೇಕು ಎಂಬ ವಾಕ್ಯ ಅರ್ಧಕ್ಕೆ ಬಂದಿತ್ತು. ಅದನ್ನು ಇನ್ನೂ ಮುಗಿಸಿಲ್ಲ.

ನನ್ನ ಕಸುಬು ಅದೇ. ಕಾರು, ಬೈಕುಗಳ ಬಗ್ಗೆ ಬರುವ ಒಂದು ಕನ್ನಡ ಮಾಸಪತ್ರಿಕೆಗೆ ಬರೆಯುತ್ತೇನೆ. ಕಂಪನಿಯವರು ಗಾಡಿ ಕೊಡುತ್ತಾರೆ, ನಾವು ಎರಡು ದಿನ ಓಡಿಸಿ ಅದು ಹೇಗಿದೆ ಎಂದು ಬರೆಯುತ್ತೇವೆ. ಓದುಗರು ಅದನ್ನು ನಂಬಿ ಜೀವಮಾನದ ಉಳಿತಾಯ ಸುರಿಯುತ್ತಾರೆ, ಇಲ್ಲವೇ ನಂಬಿ ದೂರ ಸರಿಯುತ್ತಾರೆ. ಎರಡು ದಿನ ಓಡಿಸಿದವನ ಮಾತು ಕೇಳಿ ಇಪ್ಪತ್ತು ವರ್ಷ ಓಡಿಸುವವನು ತೀರ್ಮಾನ ಮಾಡುವುದು ಎಂಥ ಹುಚ್ಚು ಎಂದು ಮೊದಲು ನಕ್ಕವರು ಅವರೇ. ನಕ್ಕಮೇಲೂ ನನ್ನ ಮಾತನ್ನೇ ಕೇಳಿದರು. ಅದೇ ಅವರ ಗ್ರಹಚಾರ.

ಅವರ ಮನೆತನದ್ದು ಕುಲುಮೆ ಕೆಲಸ. ಅಜ್ಜ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಗಾಡಿಗಳು ಕಮ್ಮಿಯಾದವು, ಮಗ ಸ್ಟೀರಿಂಗು ಹಿಡಿದರು. ಶ್ರೀರಂಗಪಟ್ಟಣದ ಟ್ಯಾಕ್ಸಿ ಸ್ಟಾಂಡಿನಲ್ಲಿ ಅವರನ್ನು ನಾನು ಮೊದಲು ಕಂಡಾಗ ಅವರಿಗೆ ನಲವತ್ತು ದಾಟಿತ್ತು. ಕುಳ್ಳಗೆ, ಗಟ್ಟಿಯಾಗಿ, ಬಿಳಿ ಅರ್ಧ ತೋಳಿನ ಅಂಗಿ ಹಾಕಿಕೊಂಡು ನಿಂತಿದ್ದರು. ಬೇರೆ ಡ್ರೈವರುಗಳು ಗಿರಾಕಿಯನ್ನು ಕೂಗಿ ಕರೆಯುತ್ತಿದ್ದರೆ ಇವರು ಬಾನೆಟ್ಟಿಗೆ ಒರಗಿಕೊಂಡು ಸುಮ್ಮನಿದ್ದರು. ಕೇಳಿದರೆ, ‘ನನ್ನ ಕೂಗಬೇಕಾದೋರು ಮನೆಗೇ ಬತ್ತಾರೆ ಕಣ್ಲಾ’ ಅಂದರು. ಮೊದಲ ಭೇಟಿಯಲ್ಲೇ ಕಣ್ಲಾ ಅಂದವರು ಕೊನೆಯವರೆಗೂ ಹಾಗೇ ಅಂದರು. ನಾನು ಅವರನ್ನು ಅಣ್ಣ ಅಂದೆ.

ಅವರು ಹೇಳಿದ್ದು ಜಂಬವಲ್ಲ. ಮದುವೆ ಮುಗಿಸಿ ಹೆಣ್ಣನ್ನು ಗಂಡನ ಮನೆಗೆ ಬಿಟ್ಟು ಬರಬೇಕೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಕಡೆಯ ಜನ ಅವರ ಮನೆಗೆ ಬರುತ್ತಿದ್ದರು. ಛತ್ರ ಗೊತ್ತು ಮಾಡುವ ಮೊದಲು ಇವರನ್ನು ಗೊತ್ತು ಮಾಡುತ್ತಿದ್ದರು ಅಂದರೆ ಹೆಚ್ಚೇನಲ್ಲ. ಕಾರಣ ಒಂದೇ. ಹೆಣ್ಣು ಕೂತ ಗಾಡಿ ತವರಿನ ಬಾಗಿಲು ಬಿಟ್ಟರೆ ಗಂಡನ ಮನೆ ಹೊಸಿಲ ಮುಂದೆಯೇ ನಿಲ್ಲಬೇಕು, ನಡುವೆ ಎಲ್ಲೂ ನಿಲ್ಲಬಾರದು ಎಂದು ನಮ್ಮ ಕಡೆ ಹಿರಿಯರು ನಂಬುತ್ತಾರೆ. ಇವರ ಗಾಡಿ ನಿಂತದ್ದೇ ಇಲ್ಲ.

ಅದಕ್ಕೆ ಅವರು ಪಡುತ್ತಿದ್ದ ಪಾಡು ನೋಡಬೇಕಿತ್ತು! ಹಿಂದಿನ ದಿನವೇ ಆ ದಾರಿಯಲ್ಲಿ ಒಂದು ಸಲ ಹೋಗಿಬರುತ್ತಿದ್ದರು. ಎಲ್ಲಿ ರಸ್ತೆ ಅಗೆದಿದ್ದಾರೆ, ಎಲ್ಲಿ ರಾಗಿ ಒಕ್ಕಣೆಗೆ ಹುಲ್ಲು ಹರಡಿದ್ದಾರೆ, ಯಾವ ಊರಲ್ಲಿ ಎಮ್ಮೆಗಳು ಎಷ್ಟು ಹೊತ್ತಿಗೆ ಕೆರೆಗೆ ಇಳಿಯುತ್ತವೆ, ಎಲ್ಲಾ ಲೆಕ್ಕ. ರೈಲ್ವೆ ಗೇಟು ಬೀಳುವ ಹೊತ್ತು ಅವರಿಗೆ ಗೇಟಿನವನಿಗಿಂತ ಚೆನ್ನಾಗಿ ಗೊತ್ತಿತ್ತು. ಎಲ್ಲೋ ತಪ್ಪಿ ಗೇಟು ಹಾಕಿದ್ದರೆ ಅರ್ಧ ಮೈಲಿ ದೂರದಿಂದಲೇ ವೇಗ ಇಳಿಸಿ, ಗಾಡಿ ಉರುಳುತ್ತಲೇ ಇರುವಂತೆ ತೆವಳಿಸಿಕೊಂಡು ಬಂದು, ಗೇಟು ಎದ್ದ ಗಳಿಗೆಗೆ ಸರಿಯಾಗಿ ದಾಟಿಸುತ್ತಿದ್ದರು. ಹಿಂದೆ ಬರುವ ಬಸ್ಸಿನವರು ಹಾರ್ನು ಹೊಡೆದು ಬೈದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಳುವ ಹೆಣ್ಣಿಗೆ ಹೇಳಲು ಅವರ ಬಳಿ ಒಂದು ಮಾತಿತ್ತು. ‘ಅಳವ್ವ, ಅಳು. ಊರ ಗಡಿ ದಾಟೋಗಂಟ ಚೆಂದಾಗಿ ಅಳು. ಆಮೇಲೆ ಮೊಕ ವರೆಸ್ಕೊ, ಪಕ್ಕದಲ್ಲಿ ಟವೆಲ್ ಮಡಗಿವ್ನಿ. ನೀರು ಮಾತ್ರ ವಸಿ ಕುಡಿ, ಜಾಸ್ತಿ ಕುಡುದ್ರೆ ನಾನು ಗಾಡಿ ನಿಲ್ಲುಸ್ಬೇಕಾಯ್ತದೆ.’ ಅಷ್ಟು ಹೊತ್ತೂ ಬಿಕ್ಕುತ್ತಿದ್ದ ಹುಡುಗಿ ಅಲ್ಲಿ ನಕ್ಕುಬಿಡುತ್ತಿದ್ದಳಂತೆ. ಹೊಸ ಮದುಮಗನಿಗೆ ಏನು ಮಾಡಬೇಕೆಂದು ತೋಚದೆ ಇರುವಾಗ ನಗಿಸಿದವನು ಡ್ರೈವರು. ಹಾಗೆ ನಗಿಸಿಕೊಂಡ ಹೆಣ್ಣುಮಕ್ಕಳು ಆಮೇಲೆ ಸಂತೆಯಲ್ಲೋ ಬಸ್‌ಸ್ಟಾಂಡಿನಲ್ಲೋ ಕಂಡರೆ ಮಗುವನ್ನು ಎತ್ತಿಕೊಂಡು ಬಂದು ತೋರಿಸುತ್ತಿದ್ದರು.

ಇಂಥವರು ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವ ಯೋಚನೆ ಮಾಡಿದ್ದೇ ಒಂದು ವಿಚಿತ್ರ. ಹಳೆಯ ಡೀಸೆಲ್ ಗಾಡಿ ಸುಸ್ತಾಗಿತ್ತು. ನಾನು ಒಮ್ಮೆ ಟೆಸ್ಟಿಗೆ ಬಂದಿದ್ದ ಎಲೆಕ್ಟ್ರಿಕ್ ಕಾರನ್ನು ಅವರ ಮನೆಗೆ ಒಯ್ದಿದ್ದೆ. ಓಡಿಸಿ ಬಂದವರು ಇಳಿಯದೆ ಕೂತಿದ್ದರು.

‘ಏನಣ್ಣ, ಹೆಂಗಿದೆ?’

‘ಸದ್ದೇ ಇಲ್ವಲ್ಲಪ್ಪ ಇದುಕ್ಕೆ.’

‘ಅದೇ ಅಲ್ವಾ ಇದರ ಹೆಚ್ಚುಗಾರಿಕೆ.’

‘ಅದಲ್ಲ ಕಣ್ಲಾ. ಡೀಸೆಲ್ ಗಾಡೀಲಿ ಹಿಂದ್ಗಡೆ ಹೆಣ್ಣು ಅಳ್ತಾ ಇದ್ರೆ ಕನ್ನಡೀಲಿ ಕಾಣೋದು, ಕೇಳ್ತಿರ್ನಿಲ್ಲ. ಇದ್ರಲ್ಲಿ ಬಿಕ್ಕುದ್ರೂ ಕೇಳ್ತದೆ. ಕೇಳುದ್ರೆ ಒಂದು ಮಾತಾಡ್ಬೋದು.’

ಹತ್ತಾರು ವರ್ಷ ಕಾರುಗಳ ಬಗ್ಗೆ ಬರೆದವನು ನಾನು. ಮೋಟಾರಿನ ಶಕ್ತಿ, ಚಕ್ರದ ಅಳತೆ, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು ಹಿಡಿಸುತ್ತದೆ ಎಲ್ಲಾ ಬರೆದಿದ್ದೇನೆ. ಒಂದು ಗಾಡಿಯನ್ನು ಹಾಗೆ ನೋಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ‘ನೀನೇನಂತೀಯ, ತಕ್ಕೊಳ್ಲಾ?’ ಎಂದು ಕೇಳಿದರು. ತಗೊಳಿ ಅಣ್ಣ ಅಂದೆ. ತಗೊಂಡರು.

ಆದರೆ ನಮ್ಮ ಪತ್ರಿಕೆಯ ಲೆಕ್ಕವನ್ನು ಅವರು ಒಪ್ಪಲಿಲ್ಲ. ಒಂದು ಚಾರ್ಜಿಗೆ ಎಷ್ಟು ದೂರ ಎಂದು ನಾವು ಅಳೆಯುವಾಗ ಗಾಡಿಯಲ್ಲಿ ಒಬ್ಬನೇ ಇರುತ್ತಾನೆ, ಅವನೂ ಕಡ್ಡಿ ಪೈಲ್ವಾನ. ಎಸಿ ಹಾಕುವುದಿಲ್ಲ, ಟೈರಿಗೆ ಗಾಳಿ ಬಿಗಿಯಾಗಿ ತುಂಬಿಸುತ್ತೇವೆ, ಒಂದೇ ಸಮ ನಿಧಾನವಾಗಿ ಓಡಿಸುತ್ತೇವೆ. ಬರುವ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಇದನ್ನು ಕೇಳಿ ಅವರು, ‘ಅಕ್ಕಿ ಹಾಕ್ದೆ ಒಲೆ ಮ್ಯಾಲೆ ಪಾತ್ರೆ ಮಡಗಿ ಬೇಗ ಬೆಂತು ಅಂದಂಗಾಯ್ತಲ್ಲೋ’ ಅಂದರು. ಆಮೇಲೆ ತಮ್ಮದೇ ಟೆಸ್ಟು ಮಾಡಿದರು. ಬೀದಿಯಲ್ಲಿ ದಪ್ಪಗಿದ್ದ ಐವರನ್ನು ಹುಡುಕಿ ಹತ್ತಿಸಿಕೊಂಡು, ಡಿಕ್ಕಿಗೆ ಪಾತ್ರೆಪಡಗ ತುಂಬಿ, ಎಸಿ ಹಾಕಿ, ನಡುಮಧ್ಯಾಹ್ನದ ಬಿಸಿಲಲ್ಲಿ ಪಾಂಡವಪುರದಿಂದ ಕೆ.ಆರ್. ಪೇಟೆ, ಕಿಕ್ಕೇರಿ, ಅಲ್ಲಿಂದ ನಾಗಮಂಗಲ ಸುತ್ತಿ ಮನೆಗೆ ಬಂದರು. ಪ್ರತಿ ಊರಿನಲ್ಲೂ ಮೀಟರು ಎಷ್ಟು ತೋರಿಸುತ್ತಿತ್ತು ಎಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ನಮ್ಮ ಪತ್ರಿಕೆ ಹೇಳಿದ್ದಕ್ಕಿಂತ ಕಮ್ಮಿಯೇ ಬಂದಿತ್ತು. ಅವರಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಇತ್ತು. ‘ಈ ನಾಲ್ಕು ತಾಲ್ಲೂಕಲ್ಲಿ ಯಾವ ಹೆಣ್ಣನ್ನ ಎಲ್ಲಿಗೆ ಕೊಟ್ರೂ ನಿಲ್ಲುಸ್ದಂಗೆ ಬಿಟ್ಟು ಬತ್ತೀನಿ’ ಅಂದರು. ಆ ವರ್ಷ ಮಾಘದಲ್ಲಿ ಹಾಗೇ ಬಿಟ್ಟು ಬಂದರು ಕೂಡ.

ಇದನ್ನೆಲ್ಲಾ ಬರೆಯಬೇಕೆಂದು ನನಗೆ ಆಸೆಯಾಯಿತು. ಮದುವೆ ಹೆಣ್ಣುಗಳನ್ನು ಬಿಡುವ ಎಲೆಕ್ಟ್ರಿಕ್ ಕಾರು! ಸಂಪಾದಕರು, ‘ಆಯ್ತು, ಒಳಗೆ ಎಲ್ಲಾದರೂ ಹಾಕೋಣ, ಒಳ್ಳೆ ಫೋಟೋ ತಗೊಂಡು ಬನ್ನಿ’ ಅಂದರು. ಅಣ್ಣನೂ ನಾನೂ ಹೊರಟೆವು. ನಾಗಮಂಗಲ ಮುಟ್ಟಿ ಹೊಣಕೆರೆ ಕಡೆ ತಿರುಗಿದ್ದೆವು. ಚಿತ್ರ ತೆಗೆಯಲು ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದಾಗ ಒಬ್ಬ ರೈತ ಉತ್ತು ಮುಗಿಸಿ ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದ. ಒಳ್ಳೆಯ ಬಿಳಿ ಎತ್ತು, ಎತ್ತರದ ಕೊಂಬು.

‘ಏನ್ ಯಜಮಾನ್ರೇ, ನಿಂತೋಯ್ತಾ ಕರೆಂಟ್ ಗಾಡಿ?’ ಎಂದು ಅವನು ನಗುತ್ತಾ ಕೇಳಿದ.

‘ನಿನ್ ಎತ್ತು ನಿಂತೋದ್ರೂ ಇದು ನಿಲ್ಲಾಕಿಲ್ಲ ಓಗ್ಲಾ’ ಅಂದರು ಇವರು.

ಎಲ್ಲರೂ ನಕ್ಕೆವು. ಅಲ್ಲಿಗೆ ಮುಗಿಯಬೇಕಿತ್ತು. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅಣ್ಣಾ, ಸುಮ್ನೆ ತಮಾಷೆಗೆ ಎತ್ತು ಕಟ್ಟಿ ಒಂದು ಫೋಟೋ ತೆಗೀಲಾ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ‘ಜನ ಏನಂದ್ಕತ್ತಾರ್ಲಾ?’ ಅಂದರು. ಒಳಗೆ ಎಲ್ಲಾ ಸರಿಯಾಗಿ ಬರೀತೀನಲ್ಲ ಅಣ್ಣ ಅಂದೆ. ‘ಅದ್ಸರಿ. ನಮ್ಮೋರ್ಗೆ ತಮಾಷೆ ಯಾವ್ದು ದಿಟ ಯಾವ್ದು ಅಂತ ತಿಳಿಯಾಕಿಲ್ವಾ? ಕಟ್ಲಾ’ ಅಂದರು. ತಾವೇ ಹಗ್ಗ ಹಿಡಿದು ಮುಂದಿನ ಬಂಪರಿಗೆ ಗಂಟು ಹಾಕಿದರು. ನೊಗ ಹೊತ್ತ ಎತ್ತು ಮುಂದೆ, ಕಾರು ಹಿಂದೆ, ಕಿಟಕಿಯಲ್ಲಿ ತಲೆ ಮೇಲೆ ಕೈಯಿಟ್ಟುಕೊಂಡು ಅವರು. ಆ ಕೈ ಇಟ್ಟುಕೊಳ್ಳಿ ಅಂತ ಹೇಳಿದವನೂ ನಾನೇ. ಆಗ ಗಾಡಿಯ ಮೀಟರು ಅರ್ಧಕ್ಕಿಂತ ಹೆಚ್ಚು ಚಾರ್ಜು ತೋರಿಸುತ್ತಿತ್ತು.

ಸಂಪಾದಕರು ಚಿತ್ರ ನೋಡಿದ್ದೇ ತಡ, ಮುಖಪುಟಕ್ಕೆ ಏರಿಸಿದರು. ‘ಬ್ಯಾಟರಿ ಮುಗಿದರೆ ಬಸವಣ್ಣನೇ ಗತಿ!’ ಎಂದು ಕೆಂಪು ಅಕ್ಷರದಲ್ಲಿ ತಲೆಬರಹ. ಮೂವತ್ತನಾಲ್ಕನೇ ಪುಟದಲ್ಲಿ ನನ್ನ ಬರಹ. ಅದರಲ್ಲಿ ಐದು ಜನ ದಪ್ಪಗಿನವರಿದ್ದರು, ಕ್ಯಾಲೆಂಡರಿನ ಲೆಕ್ಕವಿತ್ತು, ಗಾಡಿ ಎಲ್ಲೂ ನಿಲ್ಲಲಿಲ್ಲ ಎಂಬ ವಾಕ್ಯವೂ ಇತ್ತು. ಹಿಂದೆ ಕೂತ ಹೆಣ್ಣು ಬಿಕ್ಕುವುದು ಕೇಳುತ್ತದೆ ಎಂಬ ಮಾತನ್ನು ಜಾಗ ಸಾಲದೆಂದು ಕಿತ್ತುಹಾಕಿದ್ದರು. ನಾವು ಪತ್ರಿಕೆಯವರು ಸುಳ್ಳು ಬರೆಯುತ್ತೇವೆಂದು ಯಾರೂ ಹೇಳುವಂತಿಲ್ಲ. ಸತ್ಯವನ್ನು ಮೂವತ್ತನಾಲ್ಕನೇ ಪುಟದಲ್ಲಿ ಇಡುತ್ತೇವೆ, ಅಷ್ಟೇ. ಮುಖಪುಟ ನೋಡಿ ನನಗೆ ಏನನ್ನಿಸಿತು ಎಂದು ಕೇಳಿದರೆ ನಾಚಿಕೆಯಿಲ್ಲದೆ ಹೇಳುತ್ತೇನೆ, ಹೆಮ್ಮೆಯಾಯಿತು. ಅಲ್ಲಿಯವರೆಗೆ ನನ್ನ ಯಾವ ಚಿತ್ರವೂ ಮುಖಪುಟಕ್ಕೆ ಬಂದಿರಲಿಲ್ಲ.

ಪತ್ರಿಕೆ ಕೊಂಡು ಓದಿದವರು ಎಷ್ಟು ಜನವೋ, ಚಿತ್ರ ಮಾತ್ರ ಫೋನಿನಿಂದ ಫೋನಿಗೆ ಹಾರಿತು. ಮೊದಲು ಪತ್ರಿಕೆಯ ಹೆಸರು ಕತ್ತರಿಸಿ ಹೋಯಿತು, ಆಮೇಲೆ ತಲೆಬರಹವೂ ಹೋಯಿತು. ಎತ್ತು, ಕಾರು, ತಲೆ ಮೇಲೆ ಕೈಯಿಟ್ಟ ಮನುಷ್ಯ ಮೂರೇ ಉಳಿದವು. ಕೆ.ಆರ್. ಪೇಟೆಯ ಒಂದು ಟೀ ಅಂಗಡಿಯಲ್ಲಿ ಒಬ್ಬಾತ ನನಗೇ ಆ ಚಿತ್ರ ತೋರಿಸಿ, ‘ಅವತ್ತು ನಾನು ಅಲ್ಲೇ ಇದ್ದೆ ಸಾ, ಕಣ್ಣಾರೆ ಕಂಡೆ’ ಅಂದ. ಎತ್ತಿನ ಯಜಮಾನನಂತೂ ತನ್ನ ಎತ್ತುಗಳು ಆ ಗಾಡಿಯನ್ನು ಮೂರು ಮೈಲಿ ಎಳೆದವು ಎಂದು ಊರೆಲ್ಲಾ ಹೇಳಿಕೊಂಡು ತಿರುಗಿದ. ಅವನಿಗೆ ಎತ್ತಿನ ಮರ್ಯಾದೆ ದೊಡ್ಡದು. ಅವನನ್ನು ಏನೆಂದು ಬಯ್ಯಲಿ?

ಆ ವಾರವೇ ಸಂಪಾದಕರು ನನ್ನನ್ನು ಕರೆದು, ‘ಆ ಡ್ರೈವರು ಇದು ಕಟ್ಟಿಸಿ ತೆಗೆದ ಫೋಟೋ ಅಂತ ಎಲ್ಲಾದರೂ ಬಾಯಿಬಿಟ್ಟರೆ ನಮ್ಮ ಹೆಸರು ಹೋಗುತ್ತೆ, ಒಂದು ಮಾತು ಹೇಳಿಡಿ’ ಅಂದರು. ಅವರು ಹೇಳಿದರು ಎಂದು ನಾನು ಫೋನು ಮಾಡಿದೆನೇ? ನನ್ನ ಹೆಸರೂ ಹೋಗುತ್ತೆ ಎಂದು ಮಾಡಿದೆ.

‘ಅಣ್ಣಾ, ಸ್ವಲ್ಪ ದಿನ ಯಾರಾದರೂ ಕೇಳಿದರೆ ನಾವೇ ಕಟ್ಟಿಸಿದ್ದು ಅಂತ ಹೇಳಬೇಡಿ. ಮನೇಲೂ ಬೇಡ. ಬಾಯಿಂದ ಬಾಯಿಗೆ ಹೋಗುತ್ತೆ.’

‘ಆಯ್ತು ಬುಡ್ಲಾ, ಅದುಕ್ಕೇನಂತೆ’ ಅಂದರು.

ಸ್ವಲ್ಪ ದಿನ ಅಂದಿದ್ದೆ. ಆ ಸ್ವಲ್ಪ ದಿನ ಮುಗಿಯಿತು, ಇನ್ನು ಹೇಳಬಹುದು ಎಂದು ನಾನು ಮತ್ತೆ ಫೋನು ಮಾಡಲೇ ಇಲ್ಲ. ಮರೆತಿದ್ದೆ ಅಂದರೆ ನೀವು ನಂಬಬಹುದು, ನಾನು ನಂಬಲಾರೆ.

ಗಾಡಿ ಗೊತ್ತು ಮಾಡಿ ಹೋಗಿದ್ದವರು ಒಬ್ಬೊಬ್ಬರಾಗಿ ಬಂದು, ತಲೆ ತಗ್ಗಿಸಿಕೊಂಡು, ಈ ಸಲ ಬೇರೆ ಕಡೆ ಹೇಳಿದ್ದೇವೆ ಅಂದರು. ಜಗಳ ಆಡಿದವರಿಲ್ಲ. ಮದುವೆ ವಿಷಯ ನೋಡಿ, ಮನೆಯಲ್ಲಿ ಹಿರಿಯರು ಹೆದರುತ್ತಾರೆ ಅಂದರು. ಇವರು ಎಲ್ಲರಿಗೂ ಕಾಫಿ ಕೊಡಿಸಿ ಕಳಿಸಿದರು. ನಿಂತಿತ್ತಂತಲ್ಲ ಎಂದು ಯಾರಾದರೂ ನೇರವಾಗಿ ಕೇಳಿದರೆ ‘ಇಲ್ಲ ಕಣಪ್ಪ’ ಅನ್ನುತ್ತಿದ್ದರಂತೆ. ಮತ್ತೆ ಎತ್ತು ಯಾಕೆ ಕಟ್ಟಿದ್ದು ಅಂದರೆ ಸುಮ್ಮನಾಗುತ್ತಿದ್ದರಂತೆ. ಆ ಸುಮ್ಮನಿರುವಿಕೆಯೇ ಸಾಕ್ಷಿಯಾಯಿತು ಜನಕ್ಕೆ.

ಆರು ತಿಂಗಳ ಮೇಲೆ ನಾನು ಹೋದೆ. ಅಷ್ಟು ದಿನ ಹೋಗದೆ ಇದ್ದದ್ದಕ್ಕೆ ಅಣ್ಣ ಒಂದು ಮಾತೂ ಆಡಲಿಲ್ಲ. ಅತ್ತಿಗೆ, ಅಂದರೆ ಅವರ ಹೆಂಡತಿ, ಮಾತ್ರ ತಟ್ಟೆಯನ್ನು ಸ್ವಲ್ಪ ಸದ್ದಾಗುವಂತೆ ಇಟ್ಟು, ‘ನೋಡಪ್ಪ, ಮದ್ವೆ ಗಾಡಿ ಓಡುಸ್ತಿದ್ದೋರು ಈಗ ಡೈರಿಯೋರ್ನ ಊರೂರಿಗೆ ಸುತ್ತುಸ್ತಾವ್ರೆ. ಕರೆಂಟ್ ಗಾಡಿ ಬ್ಯಾಡ ಅಂತ ಬಡ್ಕೊಂಡೆ, ಕೇಳುದ್ರಾ?’ ಅಂದರು. ಇವರು ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಮ್ಮಿಬ್ಬರ ನಡುವೆ ಏನೋ ಒಳ್ಳೆ ಗುಟ್ಟು ಇರುವ ಹಾಗೆ!

ಹೊರಗೆ ಬಂದು ಹೇಳಿದೆ. ‘ಅಣ್ಣಾ, ಮುಂದಿನ ಸಂಚಿಕೆಯಲ್ಲಿ ಬರೆದುಬಿಡ್ತೀನಿ. ನಾನೇ ಕಟ್ಟಿಸಿದ್ದು ಅಂತ.’

‘ಬರದ್ರೆ ನಿನ್ನ ಮಡಿಕಂಡಾರಾ ಅಲ್ಲಿ?’

‘ಇಲ್ಲ ಅಂತ ಕಾಣುತ್ತೆ.’

‘ಮತ್ತೆ? ಒಂದು ಸುಳ್ಳು ಅಂತ ಗೊತ್ತಾದ್ರೆ ನೀನು ಬರ್ದಿರೋ ನೂರು ದಿಟಾನೂ ಜನ ನಂಬಾಕಿಲ್ಲ. ನಂದು ಗಾಡಿ ಓಡ್ಸೋದು, ಹೆಂಗೋ ನಡೀತದೆ. ನಿಂದು ಬರೆಯೋದು. ಸುಮ್ಕಿರು.’

ಅವರು ಹಾಗೆ ಅನ್ನಲಿ ಎಂದೇ ನಾನು ಹೋಗಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ಅವರು ಸಾಯಬೇಕಾಯಿತು. ಅವತ್ತು ಬಸ್ಸು ಹತ್ತಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಶ್ರೀರಂಗಪಟ್ಟಣ ಬರುವವರೆಗೂ ನಿದ್ದೆ ಮಾಡಿದೆ. ಥೂ ನನ್ನ ಜನ್ಮಕ್ಕೆ.

ಅವರಿಗೆ ಒಬ್ಬಳೇ ಮಗಳು. ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಒಂದು ಮಾತು ಹೇಳುತ್ತಿದ್ದರು. ‘ಊರೋರ ಹೆಣ್ಣುಮಕ್ಳನ್ನೆಲ್ಲ ನಾನೇ ಬಿಟ್ಟಿವ್ನಿ. ನನ್ ಮಗಳ್ನ ಬ್ಯಾರೆ ಯಾವನೋ ಬಿಡೋದುಂಟಾ? ನಾನೇ ಓಡುಸ್ಕೊಂಡು ಓಗಿ ಬಿಟ್ಟು ಬತ್ತೀನಿ. ಅಪ್ಪನೇ ಡ್ರೈವರಾದ್ರೆ ಹೆಣ್ಣು ಜಾಸ್ತಿ ಅಳ್ತದೋ ಕಮ್ಮಿ ಅಳ್ತದೋ ನೋಡ್ಬೇಕು.’ ಅವರಿಗೆ ಬೇರೆ ದೊಡ್ಡ ಆಸೆಗಳೇ ಇರಲಿಲ್ಲ. ಮನೆ ಮೇಲೆ ಮನೆ ಕಟ್ಟಬೇಕು, ಇನ್ನೊಂದು ಗಾಡಿ ತರಬೇಕು, ಯಾವುದೂ ಇಲ್ಲ. ಇದೊಂದೇ.

ಮಗಳನ್ನು ಕಿಕ್ಕೇರಿ ಕಡೆಗೆ ಕೊಟ್ಟರು. ಮದುವೆ ಮುಗಿದು ಹೆಣ್ಣು ಹೊರಡಿಸುವ ಹೊತ್ತಿಗೆ ಛತ್ರದ ಮುಂದೆ ಹೂವು ಕಟ್ಟಿಕೊಂಡು ನಿಂತಿದ್ದು ಯಾರದೋ ಬಾಡಿಗೆ ಡೀಸೆಲ್ ಕಾರು. ನಾನು ಅವರ ಮುಖ ನೋಡಿದೆ. ‘ಬೀಗ್ರು ಬ್ಯಾಡ ಅಂದ್ರು ಕಣ್ಲಾ. ಆ ಫೋಟೋ ನೋಡವ್ರಂತೆ. ಅವ್ರದ್ದೇನೂ ತಪ್ಪಿಲ್ಲ ಬುಡು’ ಅಂದರು. ಮಗಳು ಅಪ್ಪನ ಕಾಲು ಮುಟ್ಟಿ, ಮುಖ ಎತ್ತದೆ ಹೋಗಿ ಆ ಕಾರಿನಲ್ಲಿ ಕೂತಳು. ಇವರು ತಮ್ಮ ಗಾಡಿಗೆ ಪಾತ್ರೆ, ಹಾಸಿಗೆ, ಹಣ್ಣಿನ ಬುಟ್ಟಿ ತುಂಬಿಸಿಕೊಂಡು ಹಿಂದೆ ಹೊರಟರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಆ ಪಯಣವನ್ನು ನಾನು ಯಾವ ಪತ್ರಿಕೆಗೂ ಬರೆಯಲಾರೆ. ರೇಷ್ಮೆ ಪಂಚೆ ಉಟ್ಟ ಮನುಷ್ಯ ಎರಡೂ ಕೈಯಲ್ಲಿ ಸ್ಟೀರಿಂಗು ಬಿಗಿಹಿಡಿದು ಮುಂದಿನ ಕಾರಿನ ಹಿಂಗಾಜನ್ನೇ ನೋಡುತ್ತಿದ್ದರು. ಅಲ್ಲಿ ಮಗಳ ತಲೆಯ ಮಲ್ಲಿಗೆ ದಂಡೆ ಮಾತ್ರ ಕಾಣುತ್ತಿತ್ತು. ದಾರಿಯಲ್ಲಿ ಒಂದು ರೈಲ್ವೆ ಗೇಟು ಹಾಕಿತ್ತು. ಇವರು ದೂರದಿಂದಲೇ ವೇಗ ಇಳಿಸಿದರು. ಮುಂದಿನ ಡ್ರೈವರು ನುಗ್ಗಿಹೋಗಿ ಗೇಟಿನ ಮೂತಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಇಳಿದು ಬೀಡಿ ಹಚ್ಚಿದ.

‘ನಿಲ್ಲುಸ್ಬುಟ್ಟ’ ಅಂದರು ಇವರು. ಮತ್ತೆ, ‘ನಿಲ್ಲುಸ್ಬುಟ್ನಲ್ಲೋ ಬಡ್ಡೀಮಗ’ ಅಂದರು. ಅವರ ಬಾಯಲ್ಲಿ ನಾನು ಬೈಗುಳ ಕೇಳಿದ್ದು ಅದೊಂದೇ ಸಲ. ಆಮೇಲೆ ಅತ್ತುಬಿಟ್ಟರು. ಸದ್ದಿಲ್ಲದ ಗಾಡಿಯಲ್ಲಿ ಆ ಬಿಕ್ಕುವುದು ಚೆನ್ನಾಗಿ ಕೇಳುತ್ತಿತ್ತು. ಒಂದು ಮಾತಾಡಬಹುದಿತ್ತು. ನಾನು ಆಡಲಿಲ್ಲ.

ಕಿಕ್ಕೇರಿಯಿಂದ ವಾಪಸು ಬರುವಾಗ ಗಾಡಿಯಲ್ಲಿ ಇನ್ನೂ ಬೇಕಾದಷ್ಟು ಚಾರ್ಜು ಉಳಿದಿತ್ತು. ನೋಡ್ದಾ ಎಂಬಂತೆ ಮೀಟರಿನ ಮೇಲೆ ಬೆರಳಿಂದ ತಟ್ಟಿ ನಕ್ಕರು. ಮನುಷ್ಯನಿಗೆ ಅಷ್ಟು ಬೇಗ ನಗು ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ. ಅದಾದ ಮೇಲೆ ಎರಡು ವರ್ಷ ಅವರು ಬದುಕಿದ್ದರು. ಆ ಎರಡು ವರ್ಷದಲ್ಲಿ ನಾನು ಎಷ್ಟೋ ಎಲೆಕ್ಟ್ರಿಕ್ ಕಾರುಗಳ ಬಗ್ಗೆ ಬರೆದೆ. ಕಾಲ ಬದಲಾಗಿತ್ತು, ಅವನ್ನು ಹೊಗಳುವುದು ಈಗ ಫ್ಯಾಷನ್ನು. ನಮ್ಮ ಪತ್ರಿಕೆಯೇ ಎಲೆಕ್ಟ್ರಿಕ್ ವಿಶೇಷಾಂಕ ತಂದಿತು. ಜೀವಮಾನದಲ್ಲಿ ಕುಣಿಗಲ್ ದಾಟದವರೂ ಅದನ್ನು ಓದಿ ಬುಕ್ ಮಾಡಿದರು. ಮೊನ್ನೆ ತಿಥಿಗೆ ಹೋದಾಗ ಪಾಂಡವಪುರದಲ್ಲಿ ಬಸ್ಸಿಗೆ ಕಾಯುತ್ತಾ ನಿಂತ ಹತ್ತು ನಿಮಿಷದಲ್ಲಿ ಅಂಥ ಮೂರು ಕಾರು ಹಾದುಹೋದವು, ಒಂದಕ್ಕೆ ಮದುವೆಯ ಹೂವು ಕಟ್ಟಿತ್ತು. ಯಾರೂ ತಿರುಗಿ ನೋಡಲಿಲ್ಲ.

ಹನ್ನೊಂದನೇ ದಿನದ ತಿಥಿ. ಇನ್ನು ಮುಚ್ಚಿಡಬಾರದು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಊಟದ ಪಂಕ್ತಿ ಎದ್ದಮೇಲೆ ಮಗಳು ಹಿತ್ತಿಲಿನಲ್ಲಿ ಒಬ್ಬಳೇ ಸಿಕ್ಕಳು. ಕಂಕುಳಲ್ಲಿ ಮಗು, ಅತ್ತು ಅತ್ತು ಬಾತುಕೊಂಡ ಕಣ್ಣು. ನನ್ನನ್ನು ನೋಡಿ, ‘ಉಂಡ್ರಾ ಚಿಕ್ಕಪ್ಪ?’ ಅಂದಳು.

‘ನಿನಗೊಂದು ಮಾತು ಹೇಳಬೇಕು ಕಣಮ್ಮ’ ಅಂದೆ. ಎಲ್ಲಾ ಹೇಳಿದೆ. ಹೊಣಕೆರೆಯ ದಾರಿ, ಹೊಂಗೆ ಮರ, ಎತ್ತು, ಹಗ್ಗ. ಗಾಡಿ ನಿಂತಿರಲಿಲ್ಲ, ಅರ್ಧಕ್ಕಿಂತ ಹೆಚ್ಚು ಚಾರ್ಜಿತ್ತು, ತಮಾಷೆಗೆ ನಾನೇ ಕಟ್ಟಿಸಿದ್ದು. ಯಾರಿಗೂ ಹೇಳಬೇಡಿ ಎಂದು ಬಾಯಿ ಕಟ್ಟಿದವನೂ ನಾನೇ. ಈಗ ಪತ್ರಿಕೆಯಲ್ಲಿ ಬರೆಯುತ್ತೇನೆ, ಕೆಲಸ ಹೋದರೆ ಹೋಗಲಿ. ನಿನ್ನ ಅತ್ತೆ ಮಾವನ ಮುಂದೆಯೂ ನಿಂತು ಹೇಳುತ್ತೇನೆ, ಅವತ್ತು ನಿಮ್ಮಪ್ಪನ ಗಾಡಿ ಬೇಡ ಅಂದವರು ಅವರೇ ತಾನೇ. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಅವಳು ಅಳಲಿಲ್ಲ. ಮಗುವನ್ನು ಕೆಳಗಿಳಿಸಿ ಬಾವಿಕಟ್ಟೆಯ ಮೇಲೆ ಕೂತಳು.

‘ಅವ್ರು ಯಾರೂ ಬ್ಯಾಡ ಅನ್ನಿಲ್ಲ ಚಿಕ್ಕಪ್ಪ.’

‘ಮತ್ತೆ?’

‘ನಾನೇ ಅಂದಿದ್ದು. ಕಾಲೇಜಲ್ಲಿ ಎಲ್ರೂ ಆ ಫೋಟೋ ಇಟ್ಕೊಂಡು ನಗಾಡೋರು. ಮದ್ವೆ ಹಿಂದ್ಲು ದಿನ ಅಪ್ಪ ಗಾಡಿ ತೊಳ್ದು ಹೂವು ಕಟ್ತಾ ಇತ್ತು. ನಾನು ಓಗಿ, ನಿನ್ ಕಾರ್ಗೆ ನಾನು ಹತ್ತಾಕಿಲ್ಲ, ದಾರೀಲಿ ಎತ್ತು ಹುಡುಕ್ಕೊಂಡು ನಿಂತ್ಕಬೇಕಾ ನಾನು, ಅಂದೆ. ಅಷ್ಟು ಜನದ ಮುಂದೆ ಅಂದ್ಬುಟ್ಟೆ. ಅಪ್ಪ ಆಯ್ತು ಬುಡವ್ವ ಅಂತ ಕಟ್ಟಿದ್ ಹೂವ ಬಿಚ್ಚಿಬುಡ್ತು.’

ಮಗು ಅವಳ ಸೆರಗು ಎಳೆಯುತ್ತಿತ್ತು.

‘ಅವತ್ತು ನಿಮ್ಗೆ ಮಾತು ಕೊಟ್ಟಿತ್ತಲ್ಲ, ಅದುಕ್ಕೆ ಯೋಳ್ನಿಲ್ಲ. ಆಮೇಲೆ ನನ್ಗೋಸ್ಕರ ಯೋಳ್ನಿಲ್ಲ. ಕಾರು ನಿಂತೋಗಿತ್ತು ಅಂತ ಅಂದ್ಕಂಡಿರೋಗಂಟ ನಾನು ಅಂದಿದ್ರಲ್ಲಿ ತಪ್ಪಿರ್ನಿಲ್ಲ. ಸಾಯೋಗಂಟ ನನ್ ಅಪ್ಪ ಅದುನ್ನ ಕಾಯ್ತು.’ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ‘ನೀವ್ಯಾಕ್ ಚಿಕ್ಕಪ್ಪ ಯೋಳ್ಬುಟ್ರಿ?’